ನಡುವಿನ ರೀಲು

"ಅಕ್ಕಾರ, ಕೃಷ್ಣ ಯಾವಾಗ ಬರ್ತಾನ್ರಿ?"

ಕತ್ತಲಲ್ಲಿ ಹಿಂದಿನ ಬೆಂಚಿನಿಂದ ಬಂದ ಈ ಪ್ರಶ್ನೆಗೆ ಲೂಸಿ ತಿರುಗಿ ನೋಡಲೇಬೇಕಾಯಿತು. ತಲೆಯ ಮೇಲೆ ಸೆರಗೆಳೆದುಕೊಂಡು, ಟಾಕೀಜಿನ ಹೆಂಗಸರ ಕಡೆಯ ಮೂಲೆ ಹಿಡಿದು ಕುಳಿತವಳು, ತನ್ನ ಗುರುತು ಯಾರಿಗೂ ಸಿಗಲಾರದು ಅಂದುಕೊಂಡಿದ್ದಳು. ಆದರೆ ದುರ್ಗದಬೈಲಿನಲ್ಲಿ ಹೂವು ಮಾರುವ ಶೇವಂತೆವ್ವ ಅವಳನ್ನು ಬೆನ್ನಿನಿಂದಲೇ ಹಿಡಿದುಬಿಟ್ಟಿದ್ದಳು. ಶೇವಂತೆವ್ವನ ಮಗಳು ಮಿಶನ್ ಸಾಲಿಯಲ್ಲಿ ಲೂಸಿಯ ಕೈಕೆಳಗೆ ಓದುತ್ತಿದ್ದಳು.

"ಇದು ಇಂಗ್ಲಿಷ್ ಸಿನಿಮಾ, ಶೇವಂತೆವ್ವ. ಇದರಾಗ ಕೃಷ್ಣ ಬರೂದಿಲ್ಲ."

"ಅಯ್ಯ! ಮತ್ತ ಅಶ್ವಮೇಧದ ಕುದರಿ?"

"ನಾ ಆಗ ಹೇಳಿದ್ನಿಲ್ಲ, ಅರ್ಜುನ ಕೋಟು ಹಾಕ್ಕೊಂಡು ಅಡ್ಡಾಡೂದಿಲ್ಲಂತ?" ಎಂದು ಪಕ್ಕದಲ್ಲಿದ್ದ ಅತ್ತೆ ಮುದಕವ್ವ ಸೊಸೆಯನ್ನು ಮೊಣಕೈಯಿಂದ ತಿವಿದಳು. ಆಕೆಯ ಆಚೆ ಕುಳಿತ ಮಾಬೂಬಿ ಬಾಯಿಗೆ ಸೆರಗೊತ್ತಿಕೊಂಡು ನಗುತ್ತಿದ್ದಳು. ಮಾಬೂಬಿಯ ಗಂಡ ಅಲ್ಲಾಸಾಬ ಸ್ಟೇಶನ್ನಿನಲ್ಲಿ ಟಾಂಗಾ ಹೊಡೆಯುವವನು. ಮೂವರನ್ನೂ ಅವನೇ ತನ್ನ ಟಾಂಗಾದಲ್ಲಿ ತಂದು ಬಾಗಿಲಲ್ಲಿ ಇಳಿಸಿ ಹೋಗಿದ್ದ.

ತಪ್ಪು ಅವರದಲ್ಲ. ಹೊರಗೆ ನಿಲ್ಲಿಸಿದ್ದ ಬೋರ್ಡಿನ ಮೇಲೆ ಟಾಕೀಜಿನ ಪೇಂಟರ್ ಹಾಲಿನಂಥ ಬಿಳಿ ಕುದುರೆಯೊಂದನ್ನು ಬರೆದು, ಅದರ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಹಣೆಗೆ ಕುಂಕುಮದಂಥದ್ದೇನನ್ನೋ ತೀಡಿದ್ದ. ಚಿತ್ರದಲ್ಲಿದ್ದ ಕುದುರೆಯೋ ಕರಿದು. ಮಾಲೆಯೂ ಇಲ್ಲ, ಕುಂಕುಮವೂ ಇಲ್ಲ. ಯುದ್ಧ ಮುಗಿದ ಹೊಸತರಲ್ಲಿ ವಿಲಾಯತಿಯಲ್ಲಿ ತೆಗೆದು ಅಲ್ಲಿಯವರೇ ಮರೆತಿರಬಹುದಾದ ಚಿತ್ರ ಅದು. ಇಷ್ಟು ವರ್ಷಗಳ ನಂತರ ಹುಬ್ಬಳ್ಳಿಗೆ ಬಂದು, ಮುಂಜಾನೆಯ ಆಟಕ್ಕೆ ಮೂರು ದಿನ ನಿಂತಿತ್ತು. ಗಂಡಸರ ಕಡೆ ಅಲ್ಲೊಂದು ಇಲ್ಲೊಂದು ತಲೆ. ಹೆಂಗಸರ ಕಡೆ ಈ ನಾಲ್ವರೇ. ದೀಪ ಆರಿದ ಮೇಲೆ ಗಂಡಸರಿಗೆ ಕಾಣದಂತೆ ಇವರ ಮುಂದೆ ಇಳಿಬಿಟ್ಟಿದ್ದ ಕರಿ ಪರದೆಯನ್ನು ಸರಿಸಿಹೋದ ಬಾಗಿಲು ಕಾಯುವವನು, ಒಂದು ಇಂಗ್ಲಿಷ್ ಚಿತ್ರಕ್ಕೆ ಇಷ್ಟು ಹೆಂಗಸರೇ ಎಂಬಂತೆ ಒಮ್ಮೆ ಹೊರಳಿ ನೋಡಿದ್ದ.

"ಬಂದದ್ದು ಬಂದೇವಿ, ಏನಂತಾರ ಹೇಳ್ರಿ ಅಕ್ಕಾರ. ನಿಮಗ ತಿಳೀತೈತಲ್ಲ?" ಎಂದು ಶೇವಂತೆವ್ವ ಎದ್ದು ಲೂಸಿಯ ಬೆಂಚಿಗೇ ಬಂದು ಕುಳಿತಳು. ಉಳಿದ ಇಬ್ಬರೂ ಹಿಂದೆಯೇ ಬಂದರು. ಮಲ್ಲಿಗೆ, ಎಲೆಅಡಿಕೆ, ಟಾಂಗಾದ ಹುಲ್ಲು ಎಲ್ಲ ಕೂಡಿದ ವಾಸನೆ ಲೂಸಿಯ ಸುತ್ತ ಕವಿಯಿತು.

ಅವಳಿಗೆ ಅಷ್ಟೆಲ್ಲ ತಿಳಿಯುತ್ತಿರಲಿಲ್ಲ. ಮಿಶನ್ನಿನ ಮಿಸ್ಸಮ್ಮ ಕಲಿಸಿದ ಇಂಗ್ಲಿಷ್ ಸಾವಕಾಶವಾದದ್ದು, ಒಂದೊಂದು ಶಬ್ದವನ್ನೂ ತೊಳೆದಿಟ್ಟಂಥದ್ದು. ಇವರು ಬಾಯೊಳಗೇ ನುಂಗಿ ಮಾತಾಡುತ್ತಿದ್ದರು. ಆದರೂ ತಿಳಿದುಕೊಳ್ಳಲೆಂದೇ ಅವಳು ಬಂದಿದ್ದಳು. ಟಾಕೀಜು ಪಾಪವೆನ್ನುವ ಮಿಶನ್ ಸಭೆಯವಳು, ಮೂವತ್ತಾರರ ವಯಸ್ಸಿನಲ್ಲಿ ಮೊದಲ ಸಲ ಟಾಕೀಜಿನ ಒಳಗೆ ಕಾಲಿಟ್ಟಿದ್ದಳು. ಅದೂ ರವಿವಾರ, ದೇವಾಲಯದ ಬೆಳಗಿನ ಆರಾಧನೆ ಮುಗಿಸಿ ನೇರವಾಗಿ, ಅತ್ತಿಗೆಗೆ "ಸಾಲಿ ಹುಡುಗಿ ಒಬ್ಬಾಕಿ ಮನಿಗೆ ಹೋಗಿ ಬರ್ತೇನಿ" ಎಂದು ಹೇಳಿ. ಹುಡುಗಿಯ ತಾಯಿ ಇಲ್ಲಿಯೇ ಸಿಕ್ಕಿದ್ದರಿಂದ ಸುಳ್ಳಿನಲ್ಲಿ ಅರ್ಧ ಖರೆಯಾದಂತಾಗಿತ್ತು.

ಇವತ್ತು ಸಂಜೆ ಸಭೆಯ ಹಿರಿಯರು ಕೇಶ್ವಾಪುರದ ಅಣ್ಣನ ಮನೆಗೆ ಬರುವವರಿದ್ದರು. ಸತ್ಯವಂತನನ್ನು ಮದುವೆಯಾಗಲು ಲೂಸಿ ಹೂಂ ಅನ್ನುತ್ತಾಳೋ ಇಲ್ಲವೋ ಎಂದು ಕೇಳಿಕೊಂಡು ಹೋಗಲು.

ಸತ್ಯವಂತ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಆರಾಧನೆಯಲ್ಲಿ ಹಿಂದಿನ ಸಾಲಿನಿಂದ ಅವನ ದಪ್ಪ ದನಿ ಕೀರ್ತನೆಯನ್ನು ಕೆಳಗಿನಿಂದ ಎತ್ತಿ ಹಿಡಿದಂತೆ ಕೇಳುತ್ತಿತ್ತು. ಅವನ ಮೇಲೆ ಯಾರದೂ ಬೇರೆ ದೂರಿರಲಿಲ್ಲ. ಇದ್ದದ್ದು ಒಂದೇ: ಮಳೆಗಾಲ ಬಂದರೆ ಅವನು ರಜೆ ಹಾಕಿ ಪುಣೆಗೆ ಹೋಗಿ ಕುದುರೆ ರೇಸು ನೋಡಿ ಬರುತ್ತಿದ್ದ. ಜೂಜಾಡುವುದಿಲ್ಲ, ಬರೇ ನೋಡುತ್ತೇನೆ ಅನ್ನುತ್ತಿದ್ದ. ಬರೇ ನೋಡಲಿಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಎಲ್ಲರೂ ನಗುತ್ತಿದ್ದರು.

"ಕುದರಿ ಚಟ ಇದ್ದಾಂವ, ಲೂಸಿ. ದಾರೂದಂಗ ಅದು," ಎಂದು ಅಣ್ಣ ಯೋಹಾನ ಹೇಳಿದ್ದ. "ಹೇಳೂದು ನನ್ನ ಕೆಲಸ. ಹೂಂ ಅನ್ನೂದು, ಉಹೂಂ ಅನ್ನೂದು ನಿಂದು."

ಅಣ್ಣನ ಮನೆಯಲ್ಲಿ ಲೂಸಿಗೆ ಕೊರತೆಯೇನಿರಲಿಲ್ಲ. ಕಿಟಕಿ ಇದ್ದ ಕೋಣೆಯೊಂದಿತ್ತು. ಅತ್ತಿಗೆ ಎಲಿಜಬೆತ್ ಮೊದಲ ರೊಟ್ಟಿಯನ್ನು ಅವಳ ತಾಟಿಗೇ ಹಾಕುತ್ತಿದ್ದಳು. ಇದನ್ನು ಬಿಟ್ಟು ಹೋಗುವುದಾದರೆ ಎಲ್ಲಿಗೆ, ಎಂಥ ಮನುಷ್ಯನ ಹಿಂದೆ? ಕುಡಿತ ಅವಳಿಗೆ ಗೊತ್ತಿತ್ತು, ಓಣಿಯಲ್ಲಿ ನೋಡಿದ್ದಳು. ಇದು ಮಾತ್ರ ಏನೆಂದು ಗೊತ್ತಿರಲಿಲ್ಲ. ಅವಳು ಕಂಡ ಕುದುರೆಗಳೆಲ್ಲ ತಲೆ ತಗ್ಗಿಸಿ ಟಾಂಗಾ ಎಳೆಯುವಂಥವು. ಪಾದ್ರಿಗಳ ಪ್ರಸಂಗದಲ್ಲಿ ರೇಸಿನ ಮಾತು ಬರುತ್ತಿತ್ತು, ಆದರೆ ಪಾದ್ರಿಗಳೂ ಅದನ್ನು ನೋಡಿದವರಲ್ಲ. ಒಬ್ಬ ಗಂಡಸು ನಸುಕಿನಲ್ಲಿ ಎದ್ದು ಮನೆ ಬಿಟ್ಟು ಹೋಗುವಂಥದ್ದು ಅದರಲ್ಲಿ ಏನಿದೆ? ಸ್ಟೇಶನ್ ರಸ್ತೆಯಲ್ಲಿ ಬೋರ್ಡು ನೋಡಿ, ಕೆಳಗಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿದಾಗ, ಹೂಂ ಅನ್ನುವ ಮೊದಲು ಒಮ್ಮೆ ಕಣ್ಣಾರೆ ನೋಡಿಬಿಡಬೇಕು ಅನಿಸಿತ್ತು.

ಚಿತ್ರದ ಮನುಷ್ಯ ಯುದ್ಧದಿಂದ ಮನೆಗೆ ಮರಳಿದವನು. ಒಂದು ಕೈ ನಡುಗುತ್ತಿತ್ತು. ಹೆಂಡತಿ ಅವನಿಲ್ಲದ ವರ್ಷಗಳಲ್ಲಿ ಜನರ ಬಟ್ಟೆ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದ್ದಳು. ಬಂದವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಯಾರೋ ಬೇಡವೆಂದು ಬಿಟ್ಟ ಒಂದು ಕರಿ ಕುದುರೆಮರಿಯನ್ನು ತಂದು ಲಾಯದಲ್ಲಿ ಕಟ್ಟಿದ. ಅದರ ಮೈಯುಜ್ಜುವಾಗ ಮಾತ್ರ ಅವನ ಕೈ ನಡುಗುತ್ತಿರಲಿಲ್ಲ.

"ಏನಂತಾನ್ರಿ ಕುದರಿ ಕಿವ್ಯಾಗ?"

"ಥಂಡಿ ಐತಿ, ಅಂಜಬ್ಯಾಡ, ಅಂತ."

"ನೋಡ್ರಿ!" ಎಂದಳು ಶೇವಂತೆವ್ವ. "ಕುದರಿಗೆ ಥಂಡಿ ಕೇಳ್ತಾನ. ಅಲ್ಲಿ ಹೇಂತಿ ಒಬ್ಬಾಕೀನ ಕುಂತ ಅಂಗಿ ಹೊಲ್ಯಾಕತ್ತಾಳ, ಆಕಿಗೆ ಥಂಡಿ ಇಲ್ಲೇನು?"

"ಗಂಡಸು ಹಂಗ. ಮಾತಾಡದ್ದರ ಜೋಡಿ ಭಾಳ ಮಾತಾಡ್ತಾನ," ಎಂದಳು ಮುದಕವ್ವ. "ನಿಮ್ಮ ಮಾವ ಎತ್ತಿನ ಜೋಡಿ ಮಾತಾಡ್ತಿದ್ದಾ. ನನಗ 'ನೀರು ತಾ' ಅನ್ನೂದು ಬಿಟ್ಟರ ಬ್ಯಾರೆ ಮಾತ ಬರ್ತಿರಲಿಲ್ಲ."

ಮಾಬೂಬಿ ಅಡಿಕೆ ಕಡಿಯುತ್ತ ಹೇಳಿದಳು, "ಒಂದ್ ಹೇಳ್ತೇನ್ರಿ ಅಕ್ಕಾರ, ಕುದರಿ ಇದ್ದ ಗಂಡಸು ಮನಿಗೆ ಮಾತ್ರ ಬರ್ತಾನ. ತನಗ ಹಸಿವಾದ್ರ ಎಲ್ಲಿ ಬೇಕಾದಲ್ಲಿ ತಿಂತಾನ. ಕುದರಿಗೆ ಹಸಿವಾದ್ರ ಮನೀಗೆ ಬರಬೇಕಲ್ಲ! ನಮ್ಮಾಂವ ಹಂಗ ಬರ್ತಾನ. ಬಂದಮ್ಯಾಲೆ ನಾನೂ ಒಬ್ಬಾಕಿ ಇದ್ದೇನಂತ ನೆನಪಾಗತೈತಿ."

ಹೆಂಗಸರು ನಕ್ಕರು. ಲೂಸಿಯೂ ನಕ್ಕಳು. ಗಂಡಸರ ಕಡೆಯಿಂದ ಯಾರೋ "ಸುಮ್ಕ ಕುಂದರ್ರಬೇ!" ಎಂದು ಕೂಗಿದರು.

ಕುದುರೆ ಬೆಳೆಯಿತು. ಒಂದು ಬೆಳಿಗ್ಗೆ ಅದು ಮೊದಲ ಸಲ ಹಗ್ಗವಿಲ್ಲದೆ ಓಡಿತು. ಸಂಗೀತವಿರಲಿಲ್ಲ, ಗೊರಸಿನ ಸಪ್ಪಳ ಮತ್ತು ಉಸಿರು ಮಾತ್ರ. ಕ್ಯಾಮೆರಾ ಅದರ ಪಕ್ಕದಲ್ಲೇ ಓಡುತ್ತಿತ್ತು. ಹುಲ್ಲು, ಬೇಲಿ, ಗಿಡಗಳು ಹಿಂದಕ್ಕೆ ಹರಿದುಹೋದವು, ಕುದುರೆ ಮಾತ್ರ ನಿಂತಲ್ಲೇ ತೇಲುತ್ತಿರುವಂತೆ ಕಂಡಿತು. ಲೂಸಿ ಅನುವಾದಿಸುವುದನ್ನು ನಿಲ್ಲಿಸಿದಳು. ಅನುವಾದಿಸಲು ಏನೂ ಇರಲಿಲ್ಲ. ಮುದಕವ್ವನ ಕೈ ಎಲೆಚಂಚಿಯಲ್ಲೇ ಉಳಿದಿತ್ತು. ಕುದುರೆ ನಿಂತಾಗ ಲೂಸಿ ತಾನು ಬೆಂಚಿನ ತುದಿಗೆ ಬಂದು ಕುಳಿತಿರುವುದನ್ನು ನೋಡಿಕೊಂಡಳು.

ಆಮೇಲೆ ದೊಡ್ಡ ರೇಸಿನ ದಿನ ಗೊತ್ತಾಯಿತು. ಹಿಂದಿನ ಸಂಜೆ ಹೆಂಡತಿ ಲಾಯದ ಬಾಗಿಲಿಗೆ ಬಂದು ನಿಂತಳು. ಗಂಡ ಹುಲ್ಲು ಹಾಕುತ್ತಿದ್ದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ಅವಳು ಮೆಲ್ಲನೆ, ಮಿಸ್ಸಮ್ಮನ ಇಂಗ್ಲಿಷಿನಷ್ಟೇ ಸ್ಪಷ್ಟವಾಗಿ, ಒಂದು ಮಾತು ಹೇಳಿದಳು.

"ಏನಂದಳ್ರಿ?"

ಲೂಸಿ ಅದನ್ನು ಹಾಗೆಯೇ ಕನ್ನಡದಲ್ಲಿ ಹೇಳಿದಳು. "ಸೋತ್ರ ನೀ ಮನಿಗೆ ಬರ್ತಿ. ಗೆದ್ರ ಮತ್ತ ಹೋಗ್ತಿ. ನನಗ ಗೆಲ್ಲೂದರದ ಅಂಜಿಕಿ, ಅಂದಳು."

"ಖರೇ ಅಂದಳವ್ವಾ ತಂಗಿ," ಎಂದಳು ಮುದಕವ್ವ ಪರದೆಗೆ.

ಗಂಡ ಮತ್ತೆ ಹುಲ್ಲಿನ ಕಡೆ ಬಗ್ಗಿದ. ಬೆಳಗಾಯಿತು. ಸಾವಿರಾರು ಜನ, ಟೊಪ್ಪಿಗೆಗಳು, ಹಸಿ ನೆಲ. ಕುದುರೆಗಳು ಸಾಲಾಗಿ ಬಂದು ನಿಂತವು. ಕರಿಯದು ಕಿವಿ ನೆಟ್ಟಗೆ ಮಾಡಿತು. ಒಬ್ಬ ಮನುಷ್ಯ ಬಾವುಟ ಮೇಲೆತ್ತಿದ. ಶೇವಂತೆವ್ವ ಲೂಸಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಚಟ್ಟನೆ ಒಂದು ಸಪ್ಪಳವಾಗಿ ಪರದೆ ಬೆಳ್ಳಗಾಯಿತು. ಮತ್ತೆ ಚಿತ್ರ ಬಂದಾಗ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮನೆಯಲ್ಲಿ ಮೇಜಿನ ಸುತ್ತ ಕುಳಿತಿದ್ದರು. ಹೆಂಡತಿ ಚಹಾ ಹಾಕುತ್ತಿದ್ದಳು. ಅವಳು ನಗುತ್ತಿದ್ದಳು.

"ಅಯ್ಯ, ಏನಾತು?"

"ಕುದರಿ ಎಲ್ಲಿ ಹೋದುವು?"

ಗಂಡಸರ ಕಡೆ ಒಬ್ಬ ಎದ್ದು ನಿಂತಿದ್ದ. "ಏ ಆಪರೇಟರ್! ನಡುವಿನ ರೀಲ್ ಎಲ್ಲಿಟ್ಟೀಯೋ? ಇವತ್ತೂ ನುಂಗಿದಿ ಏನು?"

ಮೇಲಿನ ಕಿಂಡಿಯಿಂದ ಉತ್ತರ ಬಂತು. "ಹನ್ನೆರಡಕ್ಕ ಕನ್ನಡ ಸಿನಿಮಾ ಐತ್ರಿ! ಜನ ಹೊರಗ ನಿಂತಾರ!"

"ಅದಕ್ಕ ರೇಸ ಬಿಡೂದೇನು? ಆ ಅಂಗಿ ಹೊಲಿಯೂದು ಬಿಡಬೇಕಿತ್ತಲ್ಲೋ!"

ನಾಲ್ಕಾರು ಜನ ನಕ್ಕರು. ಲೂಸಿ ಮಾತ್ರ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಆ ದಪ್ಪ ದನಿಯನ್ನು ಅವಳು ಪ್ರತಿ ರವಿವಾರ ಕೇಳುತ್ತಿದ್ದಳು.

"ಯಾವುದು ಗೆದ್ದಿತ್ರಿ ಅಕ್ಕಾರ?" ಶೇವಂತೆವ್ವ ಅವಳ ತೋಳು ಅಲ್ಲಾಡಿಸಿದಳು. "ಅವರು ತೋರಿಸ್ಲಿಲ್ಲಂದ್ರ ಹೋಗ್ಲಿ. ನಿಮಗ ಮಾತು ತಿಳೀತೈತಲ್ಲ, ಹೇಳ್ರಿ. ಈಕಿ ಯಾಕ ನಗಾಕತ್ತಾಳ?"

ಮೇಜಿನ ಸುತ್ತಲಿನವರು ರೇಸಿನ ಮಾತೇ ಆಡುತ್ತಿರಲಿಲ್ಲ. ಬೆಣ್ಣೆ ಕೊಡು, ರೊಟ್ಟಿ ಕೊಡು ಅನ್ನುತ್ತಿದ್ದರು. ಗೊತ್ತಿಲ್ಲ ಎಂದು ಹೇಳಿದರೆ ಮುಗಿಯುತ್ತಿತ್ತು. ಮೂವರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಆಕಿ ನೋಡಾಕ ಹೋಗಿದ್ದಳು," ಎಂದಳು ಲೂಸಿ. ತನ್ನ ದನಿ ತನಗೇ ಹೊಸದಾಗಿ ಕೇಳಿತು. "ಗಂಡಗ ಹೇಳದ ಹೋಗಿದ್ದಳು. ಜನರ ಹಿಂದ, ಒಂದ ಮೂಲ್ಯಾಗ ನಿಂತಿದ್ದಳು. ಇಷ್ಟು ವರ್ಷ ತನ್ನ ಗಂಡನ್ನ ಕಸಗೊಂಡದ್ದು ಏನಂತ ನೋಡಬೇಕಾಗಿತ್ತು ಆಕಿಗೆ."

"ಹೂಂ?"

"ಕುದರಿ ಓಡಿದುವು. ಆಕಿಗೂ ನಿಂದರಾಕ ಆಗಲಿಲ್ಲ. ಜನರನ್ನ ಸರಿಸಿ ಮುಂದ ಬಂದಳು. ಬಂದು ನೋಡ್ತಾಳ, ಗಂಡನೂ ಅಲ್ಲೇ ಕಟಾಂಜನದ ಸರಳು ಹಿಡ್ಕೊಂಡು ನಿಂತಾನ. ಸಣ್ಣ ಹುಡುಗರಂಗ ಬಾಯಿ ತಕ್ಕೊಂಡು."

"ಗೆದ್ದಿತೋ ಇಲ್ಲೋ?"

"ಅದನ್ನ ಆಕಿ ನೋಡಲೇ ಇಲ್ಲ. ಆಕಿ ಅವನ ಮಾರಿ ನೋಡಾಕತ್ತಿದ್ದಳು."

ಪರದೆಯ ಮೇಲೆ ಹೆಂಡತಿ ಗಂಡನ ಕಪ್ಪಿಗೆ ಇನ್ನಷ್ಟು ಚಹಾ ಸುರಿದಳು.

"ಹಂಗಾರ ನಗಬೇಕಾದ್ದ," ಎಂದು ಮುದಕವ್ವ ತೀರ್ಪು ಕೊಟ್ಟು, ಎಲೆಗೆ ಸುಣ್ಣ ಹಚ್ಚಿದಳು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಕನ್ನಡ ಚಿತ್ರಕ್ಕೆ ಕಾದ ಜನ ಬಾಗಿಲ ತುಂಬ ನೂಕಾಡುತ್ತಿದ್ದರು. ಶೇವಂತೆವ್ವ, ಮುದಕವ್ವ, ಮಾಬೂಬಿ ಮೂವರೂ ಅಲ್ಲಾಸಾಬನ ಟಾಂಗಾ ಹುಡುಕುತ್ತ ಮುಂದೆ ಹೋದರು. ಗೋಡೆಯ ನೆರಳಿನಲ್ಲಿ ಸತ್ಯವಂತ ಮ್ಯಾನೇಜರನನ್ನು ಹಿಡಿದು ನಿಲ್ಲಿಸಿ, ಸಿಟ್ಟಿಲ್ಲದೆ, ಬೇಡಿಕೊಳ್ಳುವವನಂತೆ ಏನೋ ಹೇಳುತ್ತಿದ್ದ. ಮ್ಯಾನೇಜರ ಕೈ ಬಿಡಿಸಿಕೊಂಡು ಒಳಗೆ ಹೋದ. ಸತ್ಯವಂತ ತಿರುಗಿದವನು ಲೂಸಿಯನ್ನು ಕಂಡು, ದೇವಾಲಯದಲ್ಲಿ ಮಾಡುವಂತೆ ತಲೆಯ ಮೇಲಿನ ಟೊಪ್ಪಿಗೆ ತೆಗೆದುಬಿಟ್ಟ.

"ಲೂಸಿಬಾಯಾರ… ನೀವು ಇಲ್ಲಿ?"

"ನೀವೂ ಇಲ್ಲೇ."

ಒಬ್ಬರ ತಪ್ಪು ಇನ್ನೊಬ್ಬರ ಕೈಯಲ್ಲಿತ್ತು.

"ನಿನ್ನೆನೂ ಬಂದಿದ್ದೆ, ರಜಾ ಹಾಕಿ," ಎಂದ ಅವನು ಕೊನೆಗೆ. "ನಿನ್ನೆನೂ ಅದ ರೀಲ್ ಬಿಟ್ರು. ಇವತ್ತರೆ ಹಾಕ್ತಾರೇನೋ ಅಂತ ಬಂದೆ."

"ಹಂಗಾರ ಯಾವುದು ಗೆದ್ದಿತಂತ ನಿಮಗೂ ಗೊತ್ತಿಲ್ಲ?"

"ಇಲ್ರಿ." ಅವನು ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. "ಯಾವುದ ಗೆಲ್ಲಲಿ ಬಿಡ್ರಿ. ಓಡೂದು ನೋಡಬೇಕಾಗಿತ್ತು."

"ಪುಣೇದಾಗನೂ ಅಷ್ಟ ನೋಡ್ತೀರೇನು?"

ಅವನು ಅವಳ ಮುಖ ನೋಡಿದ. ಈ ಪ್ರಶ್ನೆಯನ್ನು ನಗೆಯಾಡದೆ ಯಾರೂ ಕೇಳಿರಲಿಲ್ಲವೇನೋ. "ದಿನಾ ಕಬ್ಬಿಣ ನೋಡ್ತೇನ್ರಿ. ಒಂದ ಬೋಲ್ಟು ಬಿಚ್ಚಬೇಕಾದ್ರ ನಾಕ ಮಂದಿ ಜೋತಬೀಳ್ತೇವಿ. ಅಲ್ಲಿ ಅಷ್ಟ ದೊಡ್ಡ ಪ್ರಾಣಿ ಬರ್ತೈತಿ ನೋಡ್ರಿ, ಭಾರನ ಇಲ್ಲದಂಗ…" ಕೈ ಎತ್ತಿ ಏನೋ ತೋರಿಸಲು ಹೋಗಿ, ಸುತ್ತಲಿನ ಜನರನ್ನು ಕಂಡು ಇಳಿಸಿದ. "ಹೇಳಾಕ ಬರೂದಿಲ್ಲ. ನಿಮ್ಮಣ್ಣಾರಿಗೂ ಹೇಳಾಕ ಬರಲಿಲ್ಲ. ನಿಮಗ ಒಲ್ಲೆ ಅನಿಸಿದ್ರ ಸಂಜಿಕ ಹಂಗ ಹೇಳಿಬಿಡ್ರಿ. ನಾ ಏನೂ ತಿಳ್ಕೊಳ್ಳೂದಿಲ್ಲ."

ಲೂಸಿ ಅವನ ಕೈಗಳನ್ನು ನೋಡಿದಳು. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಕತ್ತಲಲ್ಲಿ ಜನರೆದುರು ಎದ್ದು ಕೂಗಿದವನು ಇವನೇ ಎಂದರೆ ನಂಬುವಂತಿರಲಿಲ್ಲ.

"ಅಲ್ಲಿ ಹೆಂಗಸ್ರೂ ಬರ್ತಾರೇನ್ರಿ, ನೋಡಾಕ?"

"ಬರ್ತಾರ್ರಿ. ಮಳಿ ಭಾಳ ಇರ್ತೈತಿ. ಛತ್ರಿ ಹಿಡ್ಕೊಂಡು ನಿಂದರ್ತಾರ."

"ಹಂಗಾರ ಒಂದ ಛತ್ರಿ ತೊಗೋಬೇಕು," ಎಂದಳು ಲೂಸಿ.

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ, ಅವನಿಗೆ ತಿಳಿಯಿತೋ ಇಲ್ಲವೋ ನೋಡದೆ ಸರಸರ ನಡೆದುಬಿಟ್ಟಳು. ಟಾಂಗಾದ ಹಿಂದಿನ ಸೀಟಿನಿಂದ ಮೂವರು ಹೆಂಗಸರು ಕತ್ತು ಚಾಚಿ ನೋಡುತ್ತಿದ್ದರು. "ಯಾರ್ರಿ ಅಕ್ಕಾರ ಅಂವಾ?" ಎಂದು ಶೇವಂತೆವ್ವ ಕೂಗಿ ಕೇಳಿದಳು. ಲೂಸಿ ಕೈ ಬೀಸಿ ನಕ್ಕಳೇ ಹೊರತು ಏನೂ ಹೇಳಲಿಲ್ಲ. ಹಿಂದೆ, ಗೋಡೆಯ ನೆರಳಿನಲ್ಲಿ, ಸತ್ಯವಂತ ಟೊಪ್ಪಿಗೆ ಹಾಕಿಕೊಳ್ಳುವುದನ್ನೇ ಮರೆತು ನಿಂತಿದ್ದ.

ಮನೆಯಲ್ಲಿ ಎಲಿಜಬೆತ್ ರೊಟ್ಟಿ ಬಡಿಯುತ್ತಿದ್ದಳು. ಯೋಹಾನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ.

"ಬಂದೀಯೇನು? ಸಂಜಿಕ ಹಿರಿಯರಿಗೆ ಏನಂತ ಹೇಳಲಿ?"

"ಹೂಂ ಅಂತ ಹೇಳು, ಅಣ್ಣಾ."

ಕೀಲಿ ತಿರುಗುವುದು ನಿಂತಿತು. "ವಿಚಾರ ಮಾಡೀಯೇನು? ಕುದರಿ…"

"ನೋಡೇನಿ."

"ಏನ ನೋಡೀದಿ?"

"ಕುದರಿ ಓಡೂದು. ಟಾಕೀಜಿಗೆ ಹೋಗಿದ್ದೆ."

ಎಲಿಜಬೆತ್ತಳ ಕೈಯಲ್ಲಿನ ಹಿಟ್ಟು ಕೈಯಲ್ಲೇ ಉಳಿಯಿತು. ಯೋಹಾನ ತಂಗಿಯನ್ನು ಅವಳು ಬಹಳ ಸಣ್ಣವಳಿದ್ದಾಗ ನೋಡುತ್ತಿದ್ದಂತೆ ನೋಡಿದ. ಹಿರಿಯರಿಗೆ ತಿಳಿದರೆ ಎಂದ. ಕೇಳಿದರೆ ನಾನೇ ಹೇಳುತ್ತೇನೆ ಎಂದಳು ಲೂಸಿ. ಅವಳು ನಗುತ್ತಿರಲಿಲ್ಲ, ಹೆದರಿಯೂ ಇರಲಿಲ್ಲ. ಕೊನೆಗೆ ಅವನು, "ಮುತ್ತಿನಂಥ ಆದಿತ್ಯವಾರ ಟಾಕೀಜಂತ," ಎಂದು ಗೊಣಗುತ್ತ ಗಡಿಯಾರ ಹಿಡಿದುಕೊಂಡು ಹೊರಗೆ ಹೋದ.

ಅವನು ಹೊಸ್ತಿಲು ದಾಟಿದ್ದೇ ಎಲಿಜಬೆತ್ ಮಣೆಯನ್ನು ಒಲೆಯಿಂದ ಈಚೆ ಸರಿಸಿದಳು. "ಲಗೂ ಹೇಳ. ಕಥಿ ಏನಿತ್ತು?"

ಲೂಸಿ ನೆಲದ ಮೇಲೆ ಕುಳಿತು ಹೇಳತೊಡಗಿದಳು. ಯುದ್ಧದಿಂದ ಮರಳಿ ಬಂದವನಿಂದ ಆರಂಭಿಸಿದಳು, ನಡುಗುವ ಕೈಯನ್ನು ತಾನೇ ನಡುಗಿಸಿ ತೋರಿಸಿದಳು. ಎಲಿಜಬೆತ್ ರೊಟ್ಟಿಯನ್ನು ಬಡಿಯುತ್ತ ಬಡಿಯುತ್ತ, ಕುದುರೆಮರಿ ಬಂದಲ್ಲಿ ಕೈ ನಿಲ್ಲಿಸಿದಳು. ಹೊರಗೆ ಹೊಸ್ತಿಲ ಮೇಲೆ ಯೋಹಾನ ಬೀದಿಗೆ ಮುಖ ಮಾಡಿ, ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಲೂಸಿ ದನಿ ತಗ್ಗಿಸಿದಾಗ ಅವನು ಬೆನ್ನನ್ನು ಮೆಲ್ಲನೆ ಹಿಂದಕ್ಕೆ ವಾಲಿಸಿ, ತಲೆಯನ್ನು ಬಾಗಿಲ ಚೌಕಟ್ಟಿಗೆ ಆನಿಸಿದ.